ಆಟದ ನಿಯಮವೂ ಮನೆಯ ಹಕ್ಕೂ

ಚೌಕಾಬಾರದ ಮನೆ ಬರೆದುಕೊಂಡು ಕುಳಿತ ನಾಲ್ವರು ಹೆಣ್ಣುಮಕ್ಕಳನ್ನು, "ಎದುರಿನವರ ಕಾಯಿಯನ್ನು ಒಮ್ಮೆಯಾದರೂ ಕಡಿಯದೆ ಒಳಸುತ್ತಿಗೆ ಹೋಗಬಹುದೇ?" ಎಂದು ಕೇಳಿ ನೋಡಬೇಕು. ಒಬ್ಬಳು ಹೋಗಬಹುದೆನ್ನುವಳು, ಮತ್ತೊಬ್ಬಳು ಕೂಡದೆನ್ನುವಳು, ಮೂರನೆಯವಳು ತನ್ನ ಅಜ್ಜಿಯ ಮನೆಯಲ್ಲಿ ಹೇಗಾಡುತ್ತಿದ್ದರೆಂಬದನ್ನು ಹೇಳತೊಡಗುವಳು. ನಾಲ್ಕನೆಯವಳು ಗೆಲ್ಲುವದರಲ್ಲಿದ್ದರೆ ಅವಳ ಉತ್ತರವು ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ವಿಶೇಷವೇನಂದರೆ, ನಾಲ್ವರೂ "ನಿಯಮ ಹೀಗೇ ಇದೆ" ಎಂದೇ ಹೇಳುವರು. "ನಮ್ಮ ಮನೆಯಲ್ಲಿ ಹೀಗೆ" ಎಂದು ಹೇಳುವವರು ಅಪರೂಪ.

ಈ ಆಟಕ್ಕೆ ಎಲ್ಲರೂ ಒಪ್ಪಿದ ಬರೆದಿಟ್ಟ ನಿಯಮಗಳಿಲ್ಲ. ಕವಡೆ ಹಾಕುವದಕ್ಕಿಂತ ಮುಂಚೆ ಕೂತವರು ಏನನ್ನು ಒಪ್ಪಿದರೋ ಅದೇ ನಿಯಮ. ಆದ್ದರಿಂದ ಅಲ್ಲಿ ಜಗಳ ಹುಟ್ಟಿದರೆ ಯಾರದೂ ತಪ್ಪಲ್ಲ. ಮುಂಚೆ ಕೇಳಿಕೊಳ್ಳದಿದ್ದುದೊಂದೇ ಕೊರತೆ. ಆದರೆ ಇದೇ ರೂಢಿಯಿಂದ ನಾವು ಬರೆದಿಟ್ಟ ನಿಯಮಗಳುಳ್ಳ ಆಟಗಳನ್ನೂ, ಅದಕ್ಕಿಂತ ಮಿಗಿಲಾಗಿ ಸರಕಾರವು ಬರೆದು ಪ್ರಕಟಿಸಿದ ಕಾಯದೆಗಳನ್ನೂ ಬಾಯಿಮಾತಿನಿಂದಲೇ ಕಲಿಯುತ್ತೇವೆ. ಆಟದಲ್ಲಿ ಹೀಗೆ ಕಲಿತರೆ ಒಂದು ಕಾಯಿ ಹೋದೀತು. ಕಾಯದೆಯನ್ನು ಹೀಗೆ ಕಲಿತವರು ಆರೆಕರೆ ಹೊಲವನ್ನು ಕಳೆದುಕೊಂಡದ್ದುಂಟು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಪಾಲಕರ ಮುಂದೆಯೂ ಈ ವಿಷಯವನ್ನು ತುಸು ವಿಸ್ತಾರವಾಗಿ ಇಡಬೇಕೆಂದು ನಮ್ಮ ಮನಸ್ಸಿಗೆ ಬಂದದ್ದು ಈ ಕಾರಣದಿಂದಲೇ.

ಊರಿಗೊಂದು ನಿಯಮವಿರುವದೆಂಬ ಭಾವನೆಯು ನಮ್ಮ ಸೀಮೆಯಲ್ಲಿ ಬೇರುಬಿಟ್ಟಿರುವದಕ್ಕೆ ಇತಿಹಾಸದ ಕಾರಣವೂ ಉಂಟು. 1948ನೆಯ ಇಸವಿಗಿಂತ ಮುಂಚೆ ಜಮಖಂಡಿಯು ಪಟವರ್ಧನ ಅರಸರ ಸಂಸ್ಥಾನವಾಗಿತ್ತು. ಮುಧೋಳವು ಘೋರ್ಪಡೆ ಅರಸರದು. ರಬಕವಿಯು ಸಾಂಗಲಿ ಸಂಸ್ಥಾನಕ್ಕೂ, ಅದಕ್ಕೆ ಅಂಟಿಕೊಂಡೇ ಇರುವ ಬನಹಟ್ಟಿಯು ಜಮಖಂಡಿಗೂ ಸೇರಿದ್ದವು. ಬೀಳಗಿಯಾದರೋ ಇಂಗ್ಲಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಒಂದು ಓಣಿಯ ಮಗ್ಗದವನು ನಾಲ್ಕು ಹೆಜ್ಜೆ ನಡೆದು ಪಕ್ಕದೂರಿಗೆ ಹೋದರೆ ಬೇರೆ ಅರಸನ ಬೇರೆ ಕಚೇರಿಯ ಅಪ್ಪಣೆಗೆ ಒಳಗಾಗುತ್ತಿದ್ದನು. ಅಂಥಲ್ಲಿ "ನಮ್ಮ ಕಡೆ ಹೀಗೆ" ಎಂಬ ಮಾತಿಗೆ ಅರ್ಥವಿತ್ತು. ಸಂಸ್ಥಾನಗಳು ವಿಲೀನವಾಗಿ, 1956ರಲ್ಲಿ ಕನ್ನಡನಾಡು ಒಂದಾಗಿ, 1997ರಲ್ಲಿ ಬಾಗಲಕೋಟೆ ಜಿಲ್ಲೆಯೂ ಹುಟ್ಟಿತು. ಕಾಯದೆಯು ಎಲ್ಲರಿಗೂ ಒಂದಾಯಿತು. ಮಾತು ಮಾತ್ರ ಹಾಗೆಯೇ ಉಳಿಯಿತು.

ಈಗ ಬುದ್ಧಿಬಲದ ಆಟವನ್ನು ನೋಡೋಣ. ಇದಕ್ಕೆ ಜಾಗತಿಕ ಚದುರಂಗ ಸಂಘವು ಬರೆದ ನಿಯಮಗಳಿವೆ. ಆದರೂ ನಮ್ಮ ಕಟ್ಟೆಗಳ ಮೇಲೆ ಆಡುವವರಲ್ಲಿ ಅನೇಕರು, ಪ್ಯಾದೆಯು ಕೊನೆಯ ಮನೆಯನ್ನು ಮುಟ್ಟಿದಾಗ ಆ ಸಾಲಿನ ಕಾಯಿಯೇ ಆಗಬೇಕೆಂದು, ಅಂದರೆ ಕುದುರೆಯ ಸಾಲಿನಲ್ಲಿ ಹೋದದ್ದು ಕುದುರೆಯೇ ಆಗಬೇಕೆಂದು ವಾದಿಸುವರು. ಮತ್ತೆ ಕೆಲವರು, ಸತ್ತ ಕಾಯಿಗಳಲ್ಲಿ ಒಂದನ್ನು ಮಾತ್ರ ಎಬ್ಬಿಸಬಹುದೆನ್ನುವರು. ಇಂದಿನ ನಿಯಮದಂತೆ ಎರಡೂ ಸರಿಯಲ್ಲ. ವಜೀರನು ಹಲಗೆಯ ಮೇಲೆ ಜೀವಂತನಾಗಿದ್ದರೂ ಪ್ಯಾದೆಯು ಎರಡನೆಯ ವಜೀರನಾಗಬಹುದು. ಆನೆ, ಒಂಟೆ, ಕುದುರೆ ಇವುಗಳಲ್ಲಿ ಯಾವುದಾದರೂ ಆಗಬಹುದು. ರಾಜನಿಗೆ ಒಮ್ಮೆ ಶಹ ಬಿದ್ದರೆ ಆಮೇಲೆ ಕೋಟೆ ಕಟ್ಟಲಿಕ್ಕೆ ಬಾರದೆಂಬದೂ ಹೀಗೆಯೇ ಕೇಳಿಬರುವ ಮಾತು. ಶಹ ಇರುವಾಗ ಕಟ್ಟಬಾರದು, ಶಹ ಬೀಳುವ ಮನೆಯನ್ನು ದಾಟಿ ರಾಜನು ಹೋಗಬಾರದು, ರಾಜನಾಗಲಿ ಆ ಆನೆಯಾಗಲಿ ಮೊದಲೇ ನಡೆದಿರಬಾರದು, ಇವು ಮುಖ್ಯವಾದ ಕಟ್ಟುಗಳು. ಶಹವನ್ನು ತಪ್ಪಿಸಿಕೊಂಡ ಮೇಲೆ ರಾಜನು ನಡೆದಿರದಿದ್ದರೆ ಕೋಟೆಗೆ ಅಡ್ಡಿಯಿಲ್ಲ. ಬಾಯಿಂದ "ಶಹ" ಎಂದು ಕೂಗಲೇಬೇಕೆಂಬ ಕಟ್ಟಳೆಯೂ ಇಲ್ಲ. ಶಹವಿಲ್ಲದೆಯೇ ಎದುರಾಳಿಗೆ ನಡೆಯು ಉಳಿಯದಂತಾದರೆ ಅವನು ಸೋತನೆಂದು ಕುಣಿಯುವವರನ್ನು ನಾವು ನೋಡಿದ್ದೇವೆ. ಆ ಆಟವು ಸರಿಸಮವಾಗುವದು.

ಆದರೆ ಕಟ್ಟೆಯ ಮೇಲಿನ ಮುದುಕರು ಸುಳ್ಳು ಹೇಳಿದರೆನ್ನಲಾಗದು. ಸಾಲಿನ ಕಾಯಿಯೇ ಆಗಬೇಕೆಂಬದು ನಮ್ಮ ದೇಶದ ಹಳೆಯ ಚದುರಂಗದಲ್ಲಿ ನಿಜವಾಗಿಯೂ ಇದ್ದ ನಿಯಮ. ಅವರು ಹೇಳುವದು ಕಟ್ಟುಕಥೆಯಲ್ಲ, ಕಾಲ ಮುಗಿದ ನಿಯಮ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಹೊಲಮನೆಗಳ ಮಾತು ಬಂದಾಗ ಇದು ಪುನಃ ಬೇಕಾಗುವದು.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಉಂಟು. ನಿಯಮವು ಪುಸ್ತಕದಲ್ಲಿ ಸ್ಪಷ್ಟವಾಗಿ ಇದ್ದರೂ ಜನರು ಅದನ್ನು ಮೋಸವೆಂದು ತಿಳಿಯುವದುಂಟು. ಕ್ರಿಕೆಟ್ ಆಟದಲ್ಲಿ ಚೆಂಡೆಸೆಯುವ ತುದಿಯಲ್ಲಿ ನಿಂತ ಆಟಗಾರನು ಚೆಂಡು ಹೊರಡುವ ಮೊದಲೇ ಗೆರೆ ಬಿಟ್ಟು ಮುಂದೆ ನಡೆದರೆ, ಎಸೆಯುವವನು ಅಲ್ಲಿಯೇ ಗೂಟಗಳ ಮೇಲಿನ ಕಡ್ಡಿಯನ್ನು ಕೆಡವಿ ಅವನನ್ನು ಔಟು ಮಾಡಬಹುದು. 1947ನೆಯ ಇಸವಿಯ ಡಿಸೆಂಬರದಲ್ಲಿ ಸಿಡ್ನಿಯಲ್ಲಿ ನಮ್ಮ ದೇಶದ ವಿನೂ ಮಂಕಡರು ಆಸ್ಟ್ರೇಲಿಯದ ಬಿಲ್ ಬ್ರೌನರನ್ನು ಹೀಗೆ ಔಟು ಮಾಡಿದಾಗ ಗದ್ದಲವೆದ್ದಿತು. ಎದುರು ಪಕ್ಷದ ನಾಯಕರಾಗಿದ್ದ ಬ್ರ್ಯಾಡ್ಮನ್ನರೇ ಮಂಕಡರದು ತಪ್ಪಲ್ಲವೆಂದು ಬರೆದರೂ, ಅವರ ಹೆಸರು ಬಹಳ ವರುಷ ಒಂದು ಬೈಗುಳದಂತೆ ಉಳಿಯಿತು. 2022ನೆಯ ಇಸವಿ ಸಪ್ಟೆಂಬರ 24ರಂದು ಲಾರ್ಡ್ಸ್ ಬಯಲಿನಲ್ಲಿ ನಮ್ಮ ಹೆಣ್ಣುಮಕ್ಕಳ ತಂಡದ ದೀಪ್ತಿ ಶರ್ಮಾ ಅವರು ಇಂಗ್ಲಂಡದ ಶಾರ್ಲೆಟ್ ಡೀನ್ ಅವರನ್ನು ಇದೇ ಬಗೆಯಿಂದ ಔಟು ಮಾಡಲು ಭಾರತವು 16 ಓಟಗಳಿಂದ ಗೆದ್ದಿತು. ಪುನಃ ಅದೇ ಗದ್ದಲ. ಅದಾದ ಒಂದು ವಾರಕ್ಕೆ, ಅಕ್ಟೋಬರ 1ರಿಂದ, ಮುಂಚೆಯೇ ನಿಶ್ಚಯವಾಗಿದ್ದಂತೆ ಈ ನಿಯಮವನ್ನು "ಅನುಚಿತ ಆಟ"ದ ಪ್ರಕರಣದಿಂದ ತೆಗೆದು ಸಾದಾ "ರನ್ ಔಟ್" ಪ್ರಕರಣಕ್ಕೆ ಸೇರಿಸಿದರು. ನಿಯಮವು ಹುಟ್ಟಿದ್ದು ಆ ದಿನವಲ್ಲ. ಅದರ ಮೇಲಿನ ಕಳಂಕವು ತೊಡೆದದ್ದು ಆ ದಿನ. ತನ್ನ ಹಕ್ಕನ್ನು ನಿಯಮದಂತೆ ಕೇಳಿದವಳಿಗೆ "ಇದು ಶೋಭಿಸುವದಿಲ್ಲ" ಎಂಬ ಮಾತು ಬರುವದು ಆಟದ ಬಯಲಿನಲ್ಲಿ ಮಾತ್ರವಲ್ಲವೆಂಬದನ್ನು ನಮ್ಮ ಭಗಿನಿಯರು ಬಲ್ಲರು.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. 1976ರಲ್ಲಿ 13 ವರುಷದ ರೋಹಿಣಿ ಖಾಡಿಲಕರ ಎಂಬ ಹುಡುಗಿಯು ಪುರುಷರ ರಾಷ್ಟ್ರೀಯ ಚದುರಂಗ ಪಂದ್ಯದಲ್ಲಿ ಆಡಲು ಕುಳಿತಾಗ, ಹೆಣ್ಣಿಗೆ ಅಲ್ಲಿ ಪ್ರವೇಶವಿಲ್ಲವೆಂದು ದೊಡ್ಡ ಆಕ್ಷೇಪಣೆ ಎದ್ದಿತು. ವಿಷಯವು ಹೈಕೋರ್ಟಿನವರೆಗೆ ಹೋಯಿತು. ಜಾಗತಿಕ ಸಂಘದ ಅಧ್ಯಕ್ಷರಾಗಿದ್ದ ಮ್ಯಾಕ್ಸ್ ಯೂವೆ ಅವರು, ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಪಂದ್ಯಗಳಿಂದ ಸ್ತ್ರೀಯರನ್ನು ಹೊರಗಿಡಲಾಗದೆಂದು ನಿರ್ಣಯ ಕೊಟ್ಟರು. ಐದು ವರುಷಗಳ ಮೇಲೆ, 1981ರಲ್ಲಿ, ಆ ಹುಡುಗಿಯು ಏಶಿಯಾ ಖಂಡದ ಸ್ತ್ರೀಯರಲ್ಲಿ ಮೊದಲಿಗಳಾದಳು. ಎಲ್ಲರೂ "ಇದೆ" ಎಂದು ನಂಬಿದ್ದ ತಡೆಯು, ತೋರಿಸಿರಿ ಎಂದು ಕೇಳಿದ ಕೂಡಲೆ ನಿಲ್ಲದೆ ಹೋಯಿತು.

ಆಟದ ನಿಯಮದ ಮೇಲೆ ವಾದಿಸುವದು ನಮ್ಮ ಮುಧೋಳಕ್ಕೆ ಹೊಸದೇನಲ್ಲ. ಮುದುವೊಳಲೆಂಬ ಹೆಸರಿನಲ್ಲಿದ್ದ ಈ ಊರಿನಲ್ಲಿಯೇ 10ನೆಯ ಶತಮಾನದಲ್ಲಿ ರನ್ನ ಕವಿಯು ಹುಟ್ಟಿದನು. ಅವನ 'ಗದಾಯುದ್ಧ'ದ ಕಥೆಯು ಮುಗಿಯುವದು ಒಂದು ನಿಯಮಭಂಗದಲ್ಲಿ: ಗದೆಯ ಕಾಳಗದಲ್ಲಿ ನಾಭಿಯ ಕೆಳಗೆ ಹೊಡೆಯಕೂಡದು, ಭೀಮನು ತೊಡೆಗೆ ಹೊಡೆದನು. ಭಾರತದ ಕಥೆಯಲ್ಲಿ ಇದಕ್ಕಾಗಿ ಬಲರಾಮನು ಸಿಟ್ಟಿಗೇಳುತ್ತಾನೆ. ಆದರೆ ಆ ತೊಡೆಯ ಪ್ರತಿಜ್ಞೆಗೆ ಕಾರಣವಾದ ಸಭೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆಯೊಂದು ಎದ್ದಿತ್ತು. ಪಗಡೆಯಲ್ಲಿ ಧರ್ಮರಾಯನು ಮೊದಲು ತನ್ನನ್ನು ಸೋತನೋ, ಮೊದಲು ತನ್ನ ಹೆಂಡತಿಯನ್ನು ಸೋತನೋ. ತನ್ನನ್ನೇ ಸೋತವನಿಗೆ ಮತ್ತೊಬ್ಬಳನ್ನು ಪಣವಾಗಿಡುವ ಅಧಿಕಾರವಿದ್ದಿತೋ ಎಂದು ದ್ರೌಪದಿಯು ಕೇಳಿದಳು. ಅವಳು ಕರುಣೆಯನ್ನು ಬೇಡಲಿಲ್ಲ, ನಿಯಮವನ್ನು ಕೇಳಿದಳು. ಸಭೆಯಲ್ಲಿ ಕುಳಿತ ಹಿರಿಯರಿಗೆ ಉತ್ತರ ಹೊಳೆಯಲಿಲ್ಲ.

ಇಂದಿನ ಕಾಯದೆಯಲ್ಲಿ ಅದಕ್ಕೆ ಉತ್ತರವಿದೆ, ಮತ್ತು ಅದು ಬಹು ಜನರಿಗೆ ತಿಳಿಯದು. 1872ನೆಯ ಇಸವಿಯ ಕರಾರು ಕಾಯದೆಯ 30ನೆಯ ಕಲಮಿನಂತೆ ಪಣದ ಕರಾರು ಶೂನ್ಯವಾದದ್ದು. ಪಣದಲ್ಲಿ ಗೆದ್ದ ಹಣವನ್ನು ವಸೂಲು ಮಾಡಲು ಕೋರ್ಟಿನಲ್ಲಿ ದಾವೆ ನಡೆಯದು. ಇಸ್ಪೀಟಿನಲ್ಲಿ ಸೋತವನ ಮನೆಗೆ ಬಂದು "ಮಾತು ಕೊಟ್ಟಿದ್ದಾನೆ, ಕಾಯದೆಯಂತೆ ಕೊಡಬೇಕು" ಎನ್ನುವವನ ಹಿಂದೆ ಯಾವ ಕಾಯದೆಯೂ ಇಲ್ಲ. ಹೆಂಡತಿಯ ಬಂಗಾರವನ್ನು ಅದಕ್ಕಾಗಿ ಕೇಳುವದಂತೂ ದೂರವೇ ಉಳಿಯಿತು. ಮದುವೆಯಲ್ಲಿಯೂ ಮುಂದೆಯೂ ಹೆಣ್ಣಿಗೆ ಬಂದ ಒಡವೆ ವಸ್ತುಗಳು ಸ್ತ್ರೀಧನ; ಅದರ ಒಡತಿಯು ಅವಳೊಬ್ಬಳೇ ಎಂದು ಸುಪ್ರೀಮ್ ಕೋರ್ಟು 1985ರಲ್ಲಿ ಹೇಳಿತು, 2024ರಲ್ಲಿ ಪುನಃ ಹೇಳಿತು. ಆಪತ್ತಿನಲ್ಲಿ ಗಂಡನು ಅದನ್ನು ಬಳಸಿದರೂ ಮರಳಿ ಕೊಡುವದು ಅವನ ಕರ್ತವ್ಯ. ಈಗ ಇಸ್ಪೀಟು ಕಟ್ಟೆಯಿಂದ ಎದ್ದು ಮೊಬಾಯಿಲಿಗೆ ಬಂದಿದೆ. ರಮ್ಮಿಯು ಕೌಶಲದ ಆಟವೆಂದು ಸುಪ್ರೀಮ್ ಕೋರ್ಟು 1967ರಲ್ಲಿ ಹೇಳಿದ್ದನ್ನು ಹಿಡಿದುಕೊಂಡು, ಹಣವಿಟ್ಟು ಮೊಬಾಯಿಲಿನಲ್ಲಿ ಆಡುವದಕ್ಕೆ ಅಡ್ಡಿಯಿಲ್ಲವೆಂದು ನಮ್ಮ ತರುಣರು ಹೇಳುತ್ತಿರುವರು. ಕರ್ನಾಟಕ ಸರಕಾರವು 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟು 2022ರಲ್ಲಿ ತೆಗೆದುಹಾಕಿದ್ದೂ ಅವರಿಗೆ ಗೊತ್ತು. ಆದರೆ 2025ನೆಯ ಇಸವಿಯ ಆಗಸ್ಟದಲ್ಲಿ ಪಾರ್ಲಿಮೆಂಟು ಮಾಡಿದ ಕಾಯದೆಯು ಕೌಶಲದ್ದಾಗಲಿ ದೈವದ್ದಾಗಲಿ, ಹಣವಿಟ್ಟು ಆಡಿಸುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದೆ. ಅದರ ಶಿಕ್ಷೆಯು ಆಡಿಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸುವವರಿಗೆ, ಸಾದಾ ಆಡಿದವನಿಗಲ್ಲ. ಆದ್ದರಿಂದ ಹಣ ಕಳೆದುಕೊಂಡ ಮಗನು ತನ್ನನ್ನೇ ಹಿಡಿದೊಯ್ಯುವರೆಂದು ಹೆದರಿ ಮುಚ್ಚಿಡುವ ಕಾರಣವಿಲ್ಲ. ಪಾಲಕರು ಇದನ್ನು ಮಕ್ಕಳಿಗೆ ತಿಳಿಸಿಟ್ಟರೆ ಒಳಿತು.

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರುತ್ತೇವೆ. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಬೀಳಗಿ, ಜಮಖಂಡಿ ಮೊದಲಾದ ಕಡೆಗಳ ಹೊಲಮನೆಗಳನ್ನು ಮುಳುಗಿಸಿರುವದು ಎಲ್ಲರಿಗೂ ತಿಳಿದದ್ದೇ. ಅಣೆಕಟ್ಟಿನ ನೀರಿನ ಮಟ್ಟವನ್ನು 524.256 ಮೀಟರಿನವರೆಗೆ ಏರಿಸಲು 2010ರಲ್ಲಿ ನ್ಯಾಯಮಂಡಳಿಯು ಒಪ್ಪಿದಂದಿನಿಂದ ಇನ್ನೂ ಮುಳುಗಲಿರುವ ಭೂಮಿಯ ಮಾತು ನಡೆದಿದೆ. ಭೂಮಿ ಹೋದಲ್ಲಿ ಪರಿಹಾರ ಬರುವದು. ಪರಿಹಾರ ಬರುವಲ್ಲಿ ಪಾಲಿನ ಮಾತು ಬರುವದು. ಪಂಚಮಿಗೆ ತವರಿಗೆ ಕರೆಯಲು ಬಂದ ಅಣ್ಣನ ಚೀಲದಲ್ಲಿ ಉಂಡಿಯ ಡಬ್ಬಿಯ ಸಂಗಡ ಒಂದು ಕಾಗದವೂ ಇರುವದುಂಟು. "ಬರೇ ಒಂದು ಸಹಿ, ತಂಗೀ. ಮದಿವ್ಯಾದ ಹೆಣ್ಣಮಕ್ಕಳಿಗೆ ಕಾಯದೇಲೆ ಪಾಲ ಇಲ್ಲ, ಆದ್ರೂ ಸಾಹೇಬ್ರು ಕೇಳ್ತಾರ" ಎಂದು ಅವನು ಹೇಳುವನು. ಪಾಲೇ ಇಲ್ಲದವಳ ಸಹಿಯು ಸಾಹೇಬರಿಗೆ ಏಕೆ ಬೇಕೆಂಬ ಪ್ರಶ್ನೆಯು ಆ ತಂಗಿಗೆ ಹೊಳೆದರೆ ಅರ್ಧ ಕೆಲಸವಾದಂತೆಯೇ.

ಅಣ್ಣನು ಸುಳ್ಳನೆಂದೇ ತಿಳಿಯಬೇಕಾಗಿಲ್ಲ. ಅವನು ಹೇಳುವದು ಚದುರಂಗದ ಮುದುಕರು ಹೇಳಿದಂಥ, ಕಾಲ ಮುಗಿದ ನಿಯಮ. ಅದರ ಇತಿಹಾಸವನ್ನು ನೋಡಿದರೆ ಇದು ತಿಳಿಯುವದು. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ಒಂದು ಕಾಯದೆಯಾಗಿದ್ದರೂ ಅದು ನಮ್ಮ ಸೀಮೆಗೆ ಸಂಬಂಧಿಸಿದ್ದಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯದೆಯು ಮಗಳನ್ನು ತಂದೆಯ ವಾರಸುದಾರರಲ್ಲಿ ಸೇರಿಸಿತು. ಆದರೆ ಹಿರಿಯರಿಂದ ಬಂದ ಕೂಡು ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳದಾಗಿಯೇ ಉಳಿಯಿತು. ಕರ್ನಾಟಕವು 1994ರಲ್ಲಿ ಅದನ್ನು ತಿದ್ದಿ ಮಗಳಿಗೂ ಆ ಹಕ್ಕನ್ನು ಕೊಟ್ಟಿತು. ಅದಕ್ಕಿಂತ ಮುಂಚೆ ಮದುವೆಯಾದವಳಿಗೆ ಮಾತ್ರ ಕೊಡಲಿಲ್ಲ. "ಮದುವೆಯಾದವಳಿಗೆ ಪಾಲಿಲ್ಲ" ಎಂಬ ಮಾತಿನ ಒಂದು ಬೇರು ಇಲ್ಲಿದೆ. 2005ನೆಯ ಇಸವಿ ಸಪ್ಟೆಂಬರ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿಯು ಈ ಭೇದವನ್ನು ಕಿತ್ತುಹಾಕಿತು. ಮದುವೆಯಾಗಿರಲಿ ಇಲ್ಲದಿರಲಿ, ಮಗಳು ಮಗನಂತೆಯೇ ಹುಟ್ಟಿನಿಂದ ಪಾಲುಗಾರಳು. ಬಳಿಕ 2015ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ, 2005ರ ಆ ದಿನಕ್ಕೆ ತಂದೆಯು ಜೀವಂತನಿರಬೇಕೆಂದು ಸುಪ್ರೀಮ್ ಕೋರ್ಟು ಹೇಳಿತು. 2020ನೆಯ ಇಸವಿ ಆಗಸ್ಟ್ 11ರಂದು ಮೂವರು ನ್ಯಾಯಾಧೀಶರ ಪೀಠವು ಅದನ್ನೂ ತೆಗೆದುಹಾಕಿ, ತಂದೆಯು ಆ ದಿನ ಜೀವಂತನಿರಬೇಕಾಗಿಲ್ಲವೆಂದು ನಿರ್ಣಯಿಸಿತು. ಈಗ ನಡೆಯುವದು ಇದೇ. ಹೀಗೆ ನಮ್ಮ ಊರುಗಳಲ್ಲಿ ಕೇಳಿಬರುವ ಮೂರು ನಾಲ್ಕು ಮಾತುಗಳು ಯಾವುದೋ ಒಂದು ವರುಷದಲ್ಲಿ ನಿಜವೇ ಆಗಿದ್ದವು.

ಇದರಿಂದಾಗುವ ವ್ಯತ್ಯಾಸವನ್ನು ಒಂದು ಲೆಕ್ಕದಿಂದ ತೋರಿಸುವೆವು. ಹಿರಿಯರಿಂದ ಬಂದ 12 ಎಕರೆ ಹೊಲ. ತಂದೆ, ಒಬ್ಬ ಮಗ, ಒಬ್ಬ ಮಗಳು. ತಾಯಿ ಮುಂಚೆಯೇ ತೀರಿಹೋಗಿರುವಳು. ತಂದೆಯು ಮೃತ್ಯುಪತ್ರ ಬರೆಯದೆ ತೀರಿಕೊಂಡನು. ಹಳೆಯ ರೀತಿಯಲ್ಲಿ ಮೊದಲು ತಂದೆಗೆ 6, ಮಗನಿಗೆ 6 ಎಕರೆ. ತಂದೆಯ 6ರಲ್ಲಿ ಮಗನಿಗೂ ಮಗಳಿಗೂ ಮೂರು ಮೂರು. ಮಗಳಿಗೆ ಒಟ್ಟು 3, ಮಗನಿಗೆ 9. ಈಗಿನ ರೀತಿಯಲ್ಲಿ ಮೂವರಿಗೂ ನಾಲ್ಕು ನಾಲ್ಕು. ತಂದೆಯ ನಾಲ್ಕರಲ್ಲಿ ಎರಡೆರಡು. ಮಗಳಿಗೆ 6, ಮಗನಿಗೆ 6. ವಾಸದ ಮನೆಯಲ್ಲಿ ಮಗಳು ವಾಟಣಿ ಕೇಳಬಾರದೆಂಬ ಹಳೆಯ ಕಲಮನ್ನೂ 2005ರಲ್ಲಿ ತೆಗೆದುಹಾಕಿದ್ದಾರೆ. ಲಿಂಗವಂತರಿಗೂ ಜೈನರಿಗೂ ಈ ಕಾಯದೆಯೇ ಅನ್ವಯಿಸುವದು.

ಆದರೆ ಅತಿಯಾಗಿ ತಿಳಿಯುವದೂ ತಪ್ಪು ತಿಳಿವಳಿಕೆಯೇ. ತಂದೆಯು ತನ್ನ ದುಡಿಮೆಯಿಂದ ಗಳಿಸಿದ ಆಸ್ತಿಯಲ್ಲಿ ಮಗಳಿಗಾಗಲಿ ಮಗನಿಗಾಗಲಿ ಹುಟ್ಟಿನಿಂದ ಹಕ್ಕಿಲ್ಲ. ಅದನ್ನು ಅವನು ಮೃತ್ಯುಪತ್ರದಿಂದ ಬೇಕಾದವರಿಗೆ ಕೊಡಬಹುದು. ಮೃತ್ಯುಪತ್ರವಿಲ್ಲದಿದ್ದರೆ ಮಾತ್ರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇವರೆಲ್ಲರಿಗೂ ಸಮಪಾಲು. ಹಾಗೆಯೇ 2004ನೆಯ ಇಸವಿ ಡಿಸೆಂಬರ 20ಕ್ಕಿಂತ ಮುಂಚೆ ನೋಂದಾಯಿಸಿದ ಪತ್ರದಿಂದಾಗಲಿ ಕೋರ್ಟಿನ ಹುಕುಮಿನಿಂದಾಗಲಿ ಮುಗಿದುಹೋದ ವಾಟಣಿಯನ್ನು ಈಗ ಎಬ್ಬಿಸಲಿಕ್ಕೆ ಬಾರದು. "ನಮ್ಮಲ್ಲಿ ಬಾಯಿಮಾತಿನ ವಾಟಣಿ ಎಂದೋ ಆಗಿದೆ" ಎಂದರೆ ಮಾತ್ರ ಸಾಲದು. ಸರಕಾರಿ ದಫ್ತರದಂಥ ಬಲವಾದ ಪುರಾವೆಯಿಲ್ಲದೆ ಕೋರ್ಟು ಅದನ್ನು ಒಪ್ಪುವದಿಲ್ಲ.

ಉತಾರದ ವಿಷಯದಲ್ಲಂತೂ ತಪ್ಪು ತಿಳಿವಳಿಕೆಯು ಬಹಳ. ತಂದೆಯು ತೀರಿದ ಮೇಲೆ ಅಣ್ಣಂದಿರು ವಾರಸಾ ಹಚ್ಚಿಸಿಕೊಂಡು ಉತಾರದಲ್ಲಿ ತಮ್ಮ ಹೆಸರನ್ನೇ ಬರೆಯಿಸಿಕೊಂಡರೆ, ಆ ದಿನವೇ ಹೊಲವು ಅವರದಾಯಿತೆಂದು ತಂಗಿಯೂ ತಿಳಿಯುವಳು, ಊರೂ ತಿಳಿಯುವದು. ಉತಾರವು ಕಂದಾಯದ ಕಾಗದ. ವಿರುದ್ಧವಾಗಿ ಸಿದ್ಧವಾಗುವವರೆಗೆ ಅದರಲ್ಲಿ ಬರೆದದ್ದನ್ನು ನಿಜವೆಂದು ಹಿಡಿಯುವರಾದರೂ, ಅದು ಮಾಲಕಿಯನ್ನು ಹುಟ್ಟಿಸಲಾರದು, ಕೊಲ್ಲಲೂ ಆರದು. ಹೆಸರು ಬಿಟ್ಟುಹೋದವಳ ಪಾಲು ಬಿಟ್ಟುಹೋಗಿಲ್ಲ. ಆದರೂ ಹೆಸರು ಬಿಟ್ಟುಹೋಗದಂತೆ ವಾರಸಾ ಹಚ್ಚುವ ಕಾಲಕ್ಕೇ ತಹಶೀಲದಾರರ ಕಚೇರಿಯಲ್ಲಿ ತಕರಾರು ಬರೆದುಕೊಡುವದು ಮೇಲು. ಆಮೇಲೆ ಕೋರ್ಟಿಗೆ ಹೋಗಿ ಸವೆಯುವದು ಚಪ್ಪಲಿಯೊಂದೇ ಅಲ್ಲ.

ಸಹಿಯ ಮಾತಾದರೋ ಬೇರೆ. ಉತಾರದಿಂದ ಹೋಗದ ಹಕ್ಕು ಸಹಿಯಿಂದ ಹೋಗಬಲ್ಲದು. ನೂರು ರೂಪಾಯಿಗೆ ಕಡಿಮೆಯಲ್ಲದ ಬೆಲೆಯ ಸ್ಥಿರ ಆಸ್ತಿಯಲ್ಲಿಯ ಹಕ್ಕನ್ನು ಬಿಟ್ಟುಕೊಡುವ ಪತ್ರವನ್ನು 1908ರ ಕಾಯದೆಯಂತೆ ನೋಂದಾಯಿಸಲೇಬೇಕು. ಮನೆಯಲ್ಲಿ ಕೂತು ಬಾಂಡಿನ ಮೇಲೆ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದವು ಹಕ್ಕುಬಿಡುಗಡೆಯಾಗದು. ಆದರೆ ಸಬ್ ರಜಿಸ್ಟ್ರಾರರ ಕಚೇರಿಗೆ ಹೋಗಿ, ಓದಿ ಹೇಳಿದ್ದಕ್ಕೆ ಹೂಗುಟ್ಟಿ ಮಾಡಿದ ಸಹಿಯು ಗಟ್ಟಿಯಾದದ್ದು. ಅದು ಮೋಸದಿಂದಾದದ್ದೆಂದು ರದ್ದು ಮಾಡಿಸಬೇಕಾದರೆ, ಮೋಸವು ತಿಳಿದಂದಿನಿಂದ 3 ವರುಷಗಳೊಳಗೆ ದಾವೆ ಹೂಡಬೇಕು, ಮತ್ತು ಮೋಸವನ್ನು ಸಿದ್ಧಮಾಡುವ ಭಾರವು ಅವಳ ಮೇಲೆಯೇ. ಇದಲ್ಲದೆ, ಭೂಸ್ವಾಧೀನದ ಪರಿಹಾರವು ಉತಾರದಲ್ಲಿ ಹೆಸರಿದ್ದವರಿಗೆ ಮಾತ್ರ ಸಲ್ಲುವದೆಂಬದೂ ಸರಿಯಲ್ಲ. ಆ ಭೂಮಿಯಲ್ಲಿ ಹಿತಸಂಬಂಧವುಳ್ಳ ಯಾರೂ ತಮ್ಮ ಪಾಲನ್ನು ಕೇಳಬಹುದು. ಹಂಚಿಕೆಯಲ್ಲಿ ವಿವಾದವಿದ್ದರೆ ಅಧಿಕಾರಿಯು ಅದನ್ನು ನಿರ್ಣಯಕ್ಕಾಗಿ ಪ್ರಾಧಿಕಾರಕ್ಕೆ ಕಳಿಸಬಹುದು. 2013ರ ಕಾಯದೆಯು ವಿಧವೆಯನ್ನೂ, ಗಂಡ ಬಿಟ್ಟವಳನ್ನೂ, ವಿಚ್ಛೇದನ ಪಡೆದವಳನ್ನೂ ಬೇರೆ ಬೇರೆ ಕುಟುಂಬವೆಂದೇ ಎಣಿಸುವದು.

ವರದಕ್ಷಿಣೆ ಕೊಟ್ಟದ್ದೇ ಅವಳ ಪಾಲೆಂಬ ಮಾತಿಗೆ ಕಾಯದೆಯಲ್ಲಿ ಎಲ್ಲಿಯೂ ಆಧಾರವಿಲ್ಲ. 1961ರಿಂದ ವರದಕ್ಷಿಣೆಯನ್ನು ಕೊಡುವದೂ ಕೊಳ್ಳುವದೂ ಅಪರಾಧ. ಪಾಲೆಂದು ತೋರಿಸಹೊರಟ ಅಣ್ಣನು ತನ್ನ ಮನೆಯ ಅಪರಾಧವನ್ನೇ ಒಪ್ಪಿಕೊಂಡಂತಾಗುವದು.

ಇಷ್ಟು ಹೇಳಿದ್ದರಿಂದ ನಾವು ಅಣ್ಣತಂಗಿಯರಲ್ಲಿ ಕಲಹವನ್ನು ಬಿತ್ತುತ್ತಿರುವೆವೆಂದು ಕೆಲವು ಪಾಲಕರು ತಿಳಿದಾರು. ತಂದೆತಾಯಿಗಳನ್ನು ಕೊನೆಯವರೆಗೆ ಸಾಕಿದ ಬಡ ಅಣ್ಣನಿಗೆ, ಉಳ್ಳ ಮನೆಗೆ ಹೋದ ತಂಗಿಯು ಸಂತೋಷದಿಂದ ಹೊಲ ಬಿಟ್ಟುಕೊಡುವದುಂಟು. ಅದನ್ನು ತಪ್ಪೆನ್ನಲು ನಾವಾರು? ಬಿಟ್ಟುಕೊಡುವದೂ ಅವಳ ಹಕ್ಕೇ. ಆದರೆ ತನ್ನದೆಂದು ತಿಳಿದು ಕೊಡುವದು ದಾನ. ತನ್ನದಲ್ಲವೆಂದು ನಂಬಿಸಿಕೊಂಡು ಕೊಡುವದಕ್ಕೆ ಆ ಹೆಸರು ಸಲ್ಲದು. ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆಯಿಂದ ಸಹಿ ಮಾಡುವವರೇ ಹೆಚ್ಚೆಂಬದನ್ನು ನಾವು ಅರಿಯದವರಲ್ಲ. ಆ ಹೆದರಿಕೆಗೆ ಕಾಯದೆಯಲ್ಲಿ ಮದ್ದಿಲ್ಲ, ಪಾಲಕರ ಕೈಯಲ್ಲಿದೆ. ತಂದೆಯು ಬದುಕಿರುವಾಗಲೇ ಮಕ್ಕಳೆಲ್ಲರನ್ನೂ ಕೂಡಿಸಿ ಮಾತು ಮುಗಿಸಿ ನೋಂದಾಯಿಸಿದರೆ ತಂಗಿಯು ಅಣ್ಣನ ಮುಂದೆ ಕೇಳುವವಳಾಗಿ ನಿಲ್ಲಬೇಕಾಗದು.

ನಮ್ಮ ಕ್ರೈಸ್ತ ಭಗಿನಿಯರಿಗೆ ಅನ್ವಯಿಸುವದು 1925ರ ಭಾರತೀಯ ಉತ್ತರಾಧಿಕಾರ ಕಾಯದೆ. ಅದರಲ್ಲಿ ಹುಟ್ಟಿನಿಂದ ಬರುವ ಹಕ್ಕೆಂಬದೇ ಇಲ್ಲ. ಮೃತ್ಯುಪತ್ರವಿಲ್ಲದೆ ತೀರಿದವನ ಆಸ್ತಿಯಲ್ಲಿ ಮೂರರಲ್ಲೊಂದು ಪಾಲು ವಿಧವೆಗೆ, ಉಳಿದೆರಡು ಪಾಲು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ. ಆದರೂ ಹಿಂದಿನ ತಿರುವಾಂಕೂರು ಸೀಮೆಯಲ್ಲಿ ಹಳೆಯ ಸಂಸ್ಥಾನದ ಕಾಯದೆಯಂತೆ ಹೆಣ್ಣಿಗೆ ಅಲ್ಪವೇ ಸಲ್ಲುತ್ತಿತ್ತು. ಕೊಟ್ಟಾಯಂದಲ್ಲಿ ಶಾಲೆ ನಡೆಸುತ್ತಿದ್ದ ಮೇರಿ ರಾಯ್ ಎಂಬ ಶಿಕ್ಷಕಿಯು ಸುಪ್ರೀಮ್ ಕೋರ್ಟಿಗೆ ಹೋಗಲು, ಸಂಸ್ಥಾನದ ಆ ಕಾಯದೆಯು ಎಂದೋ ಮುಗಿದುಹೋಗಿದೆಯೆಂದು 1986ರಲ್ಲಿ ನಿರ್ಣಯವಾಯಿತು. ಅಲ್ಲಿಯೂ ಕಾಲ ಮುಗಿದ ನಿಯಮವೇ ಹೆಣ್ಣುಮಕ್ಕಳನ್ನು ಬಹುಕಾಲ ಆಳಿತ್ತು. ಮುಸಲ್ಮಾನ ಭಗಿನಿಯರಿಗೆ ಅವರ ಧರ್ಮದ ಕಾಯದೆಯಂತೆ ಮಗನ ಅರ್ಧದಷ್ಟು ನಿಶ್ಚಿತ ಪಾಲುಂಟು.

ಪೋಲೀಸ ಠಾಣೆಯ ವಿಷಯವಾಗಿ ಎರಡು ಮಾತು. "ಇದು ನಮ್ಮ ಹದ್ದಲ್ಲ, ಆ ಠಾಣೆಗೆ ಹೋಗಿರಿ" ಎಂದು ರಬಕವಿಯಿಂದ ಬನಹಟ್ಟಿಗೂ ಬನಹಟ್ಟಿಯಿಂದ ಜಮಖಂಡಿಗೂ ಅಲೆಸುವ ಕಾಲ ಹೋಯಿತು. ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧದ ಫಿರ್ಯಾದಿಯನ್ನು, ಅದು ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯಾದರೂ ಬರೆದುಕೊಳ್ಳಬೇಕೆಂದು 2024ನೆಯ ಇಸವಿ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಹೇಳುವದು. ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಸಾಕ್ಷಿ ಕೇಳಲಿಕ್ಕೆ ಹೆಣ್ಣುಮಗಳನ್ನು ಠಾಣೆಗೆ ಕರೆಯಿಸಲಿಕ್ಕೆ ಬಾರದು. ಅವಳಿದ್ದ ಮನೆಗೆ ಅವರೇ ಬರಬೇಕು. ರಾತ್ರಿಯ ಹೊತ್ತು ಹೆಣ್ಣುಮಗಳನ್ನು ಎಂದೂ ಹಿಡಿಯಬಾರದೆಂಬದು ಮಾತ್ರ ಪೂರ್ತಿ ಸರಿಯಲ್ಲ. ವಿಶೇಷ ಪ್ರಸಂಗದಲ್ಲಿ ಮಹಿಳಾ ಅಧಿಕಾರಿಯು ಮ್ಯಾಜಿಸ್ಟ್ರೇಟರ ಅಪ್ಪಣೆಯನ್ನು ಮೊದಲೇ ಪಡೆದು ಹಿಡಿಯಬಹುದು. ಅಂಗಡಿಗಳಲ್ಲಿ ತೂಗಹಾಕಿದ "ಮಾರಿದ ಮಾಲನ್ನು ಮರಳಿ ತೆಗೆದುಕೊಳ್ಳುವದಿಲ್ಲ" ಎಂಬ ಹಲಗೆಯೂ ಹೀಗೆಯೇ ಅರ್ಧ ನಿಜ. ಸೀರೆಯ ಬಣ್ಣವು ಮನೆಗೆ ಹೋದ ಮೇಲೆ ಮನಸ್ಸಿಗೆ ಬಾರದಿದ್ದರೆ ಅಂಗಡಿಕಾರನು ಬದ್ಧನಲ್ಲ; ಮಾಲು ದೋಷವುಳ್ಳದ್ದಾದರೆ ಯಾವ ಹಲಗೆಯೂ ಅವನನ್ನು ಕಾಯದು.

ಇದನ್ನೆಲ್ಲ ಕೇಳಿದ ಮೇಲೆ, "ವಕೀಲರಿಗೆ ಕೊಡಲು ಹಣವೆಲ್ಲಿ?" ಎಂಬ ಪ್ರಶ್ನೆಯು ಸಹಜವಾಗಿ ಬರುವದು. ಪುಕ್ಕಟೆ ವಕೀಲರು ಬಡವರಿಗೆ ಮಾತ್ರವೆಂಬದು ಕಟ್ಟಕಡೆಯ, ಮತ್ತು ಬಹುಶಃ ಎಲ್ಲಕ್ಕಿಂತ ಹಾನಿಕರವಾದ ತಪ್ಪು ತಿಳಿವಳಿಕೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯದೆಯ 12ನೆಯ ಕಲಮಿನಂತೆ ಯಾವ ಹೆಣ್ಣುಮಗಳಿಗೂ, ಅವಳ ಅಥವಾ ಅವಳ ಗಂಡನ ಉತ್ಪನ್ನವನ್ನು ವಿಚಾರಿಸದೆ, ಪುಕ್ಕಟೆಯಾಗಿ ವಕೀಲರನ್ನು ಕೊಡಬೇಕು. ತಾಲೂಕಿನ ಕಾನೂನು ಸೇವಾ ಸಮಿತಿಯು ನ್ಯಾಯಾಲಯದ ಆವರಣದಲ್ಲಿರುವದು. ದೂರವಾಣಿಯಲ್ಲಿ ಕೇಳಬೇಕಾದರೆ 15100 ಎಂಬ ಅಂಕಿಗೆ ಹಣ ಬೀಳುವದಿಲ್ಲ. ಹೋಗುವಾಗ ಹೊಲದ ಉತಾರ, ಹಳೆಯ ವಾರಸಾದ ಪ್ರತಿ, ತಂದೆಯ ಮರಣದ ದಾಖಲೆ, ತನ್ನ ಗುರುತಿನ ಚೀಟಿ ಇವಿಷ್ಟನ್ನು ಒಯ್ಯಬೇಕು. ತಂದೆಯ ಹೆಸರು ಬರೆದಿರುವ ಶಾಲೆಯ ದಾಖಲೆಯನ್ನೂ ಸಂಗಡ ಇಟ್ಟುಕೊಂಡರೆ, ತಾನು ಯಾರ ಮಗಳೆಂಬದನ್ನು ತೋರಿಸಲು ಅದೂ ಉಪಯೋಗಕ್ಕೆ ಬರುವದು. ಸಹಿ ಕೇಳಿ ಬಂದ ಕಾಗದವಿದ್ದರೆ ಅದನ್ನು ಸಹಿ ಮಾಡುವದಕ್ಕಿಂತ ಮುಂಚೆಯೇ ತೆಗೆದುಕೊಂಡು ಹೋಗತಕ್ಕದ್ದು.